ನಾಯಿಗೆ ಪಾಠ: ಒಂದು ತಪ್ಪು ಟಿಪ್ಪಣಿಯ ಇತಿಹಾಸ

ಸರ್ಕಾರಿ ಕಡತಗಳ ನಡುವೆ ಎರಡು ದಶಕ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಎಂದೋ ಯಾರೋ ಬರೆದ ತಪ್ಪು ಟಿಪ್ಪಣಿಯೊಂದು ಕಡತದೊಳಗೆ ಸೇರಿಕೊಂಡಿತೆಂದರೆ ಮುಂದೆ ಬಂದವರೆಲ್ಲ ಅದನ್ನೇ ಉಲ್ಲೇಖಿಸುತ್ತ ಹೋಗುತ್ತಾರೆ. ಬರೆದವರೇ ಎದುರು ನಿಂತು ‘ಅದು ನನ್ನ ತಪ್ಪು’ ಎಂದು ಒಪ್ಪಿಕೊಂಡರೂ ಕಡತಕ್ಕೆ ಕಿವಿ ಕೇಳಿಸದು. ಈ ಮಾತು ನಾಯಿ ಸಾಕುವ ವಿದ್ಯೆಗೂ ಅನ್ವಯಿಸೀತೆಂದು ನಾವು ಎಣಿಸಿರಲಿಲ್ಲ. ನಮ್ಮ ಮನೆಯ ನಾಯಿ ನಮ್ಮ ಮಗಳ ಮಣಿಕಟ್ಟಿಗೆ ಬಾಯಿ ಹಾಕಿದ ಸಂಜೆಯವರೆಗೂ ಆ ವಿದ್ಯೆಗೆ ಒಂದು ಇತಿಹಾಸವಿದೆ ಎಂಬುದೇ ನಮಗೆ ಹೊಳೆದಿರಲಿಲ್ಲ.

ದೆಹಲಿಯ ಸರ್ಕಾರಿ ವಸತಿಗೃಹದ ಮೆಟ್ಟಿಲ ಕೆಳಗೆ, ಜನವರಿಯ ಮಂಜಿನಲ್ಲಿ ನಡುಗುತ್ತಿದ್ದ ಬೀದಿಯ ಮರಿಯೊಂದನ್ನು ನಾವು ಮೇಲಕ್ಕೆ ತಂದುಕೊಂಡೆವು. ಪಶುವೈದ್ಯರು ಹತ್ತು ವಾರವಿರಬಹುದೆಂದರು. ಬಣ್ಣ ನೋಡಿ ಕರಿಯ ಎಂದು ಕರೆದೆವು. ಐದು ತಿಂಗಳಾಗುವ ಹೊತ್ತಿಗೆ ಅದು ಎಲ್ಲ ಮರಿಗಳಂತೆ ಚಪ್ಪಲಿ ಕಡಿಯುತ್ತಿತ್ತು, ಹೊರಗೆ ಹೊರಟರೆ ಹಗ್ಗ ಜಗ್ಗುತ್ತಿತ್ತು, ಊಟದ ತಟ್ಟೆಯ ಬಳಿ ಯಾರಾದರೂ ಸುಳಿದರೆ ಗುರುಗುಟ್ಟುತ್ತಿತ್ತು. ನೆರೆಯವರ ಸಲಹೆಯಂತೆ ಒಬ್ಬ ತರಬೇತುದಾರರನ್ನು ಕರೆಸಿದೆವು. ಆತ ಬಂದ ಮೊದಲ ದಿನವೇ ನಮಗೊಂದು ಸಿದ್ಧಾಂತ ಬೋಧಿಸಿದರು: ನಾಯಿಯೆಂದರೆ ತೋಳ, ತೋಳದ ಹಿಂಡಿಗೆ ಒಬ್ಬ ಒಡೆಯನಿರುತ್ತಾನೆ, ನೀವು ಒಡೆಯರಾಗದಿದ್ದರೆ ಅದೇ ಒಡೆಯನಾಗುತ್ತದೆ. ಆದ್ದರಿಂದ ಅದಕ್ಕಿಂತ ಮೊದಲು ನೀವು ಉಣ್ಣಬೇಕು, ಬಾಗಿಲನ್ನು ಮೊದಲು ನೀವು ದಾಟಬೇಕು, ಗುರುಗುಟ್ಟಿದರೆ ಅಂಗಾತ ಕೆಡವಿ ಕೊರಳೊತ್ತಿ ಹಿಡಿಯಬೇಕು. ಕೊರಳಿಗೆ ಚೋಕ್ ಚೈನ್ ಬಂತು.

ನಾಲ್ಕು ವಾರಗಳಲ್ಲಿ ಕರಿಯ ಗುರುಗುಟ್ಟುವುದನ್ನು ಬಿಟ್ಟಿತು. ನಾವು ಹಿಗ್ಗಿದೆವು. ಕೈ ಎತ್ತಿದರೆ ಸಾಕು, ನಿಂತಲ್ಲೇ ಮೂತ್ರ ಬಿಡುತ್ತಿದ್ದುದನ್ನು ವಿನಯವೆಂದು ಭಾವಿಸಿದೆವು. ಐದನೆಯ ವಾರದ ಒಂದು ಸಂಜೆ, ಒಂಬತ್ತು ವರ್ಷದ ಮಗಳು ತಟ್ಟೆಯ ಪಕ್ಕ ಬಿದ್ದ ಪೆನ್ಸಿಲನ್ನು ಎತ್ತಿಕೊಳ್ಳಲು ಬಗ್ಗಿದಳು. ಸದ್ದಿಲ್ಲ, ಸೂಚನೆಯಿಲ್ಲ, ಬಾಯಿ ನೇರವಾಗಿ ಮಣಿಕಟ್ಟಿಗೆ ಬಂತು. ಗಾಯ ಗೀರಿನಷ್ಟೇ. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ವೈದ್ಯರಲ್ಲಿಗೆ ಓಡಿ, ರೇಬೀಸ್ ಲಸಿಕೆ ಆರಂಭಿಸಿದೆವು. ಆ ರಾತ್ರಿ ಮನೆಯಲ್ಲಿ ಒಂದೇ ಚರ್ಚೆ: ಕರಿಯನನ್ನು ಬಿಟ್ಟುಬಿಡುವುದೇ, ಇಟ್ಟುಕೊಳ್ಳುವುದೇ? ಊರಿನಿಂದ ಬಂದಿದ್ದ ಅಮ್ಮ ಮಾತ್ರ ಮೂಲೆಯಲ್ಲಿ ಕೂತು ಹೇಳಿದರು: “ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ನೀವು ಅದರ ಬೊಗಳೋದನ್ನೇ ಕಿತ್ಕೊಂಡ್ರಿ.”

ಒಂದು ತಿಂಗಳ ಗಡುವು ಹಾಕಿಕೊಂಡೆವು. ಮಗಳನ್ನೂ ಕರಿಯನನ್ನೂ ಒಂದೇ ಕೋಣೆಯಲ್ಲಿ ನಾವಿಲ್ಲದೆ ಬಿಡಬಾರದೆಂದು ನಿಯಮ ಮಾಡಿದೆವು. ಅಷ್ಟರೊಳಗೆ, ನಾವು ಪಾಲಿಸಿದ ಸಿದ್ಧಾಂತ ಎಲ್ಲಿಂದ ಬಂತೆಂದು ಹುಡುಕತೊಡಗಿದೆವು. ಮುಂದಿನದು ಆ ಹುಡುಕಾಟದ ವರದಿ.

ನಾಯಿಗೆ ಕಲಿಸುವ ಕುರಿತ ಬರವಣಿಗೆ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನನ ಹೆಸರಿನಲ್ಲಿರುವ ಬೇಟೆಯ ಗ್ರಂಥದಲ್ಲಿ, ಕೂಗಲು ಸುಲಭವಾಗುವಂತೆ ನಾಯಿಗಳಿಗೆ ಚಿಕ್ಕ ಹೆಸರಿಡಬೇಕೆಂಬ ಸಲಹೆಯೂ, ಅಂಥ ಹೆಸರುಗಳ ಉದ್ದನೆಯ ಪಟ್ಟಿಯೂ ಇದೆ. ಐದು ಶತಮಾನಗಳ ಅನಂತರ ಅದೇ ಶೀರ್ಷಿಕೆಯಲ್ಲಿ ಬರೆದ ಆರಿಯನ್, ತನ್ನ ಸ್ವಂತ ಬೇಟೆನಾಯಿಯ ಪ್ರೀತಿಯನ್ನು ವರ್ಣಿಸುತ್ತ, ನಾಯಿ ಮನುಷ್ಯನ ಜೊತೆಯಲ್ಲೇ ಮಲಗುವುದು ಒಳ್ಳೆಯದೆನ್ನುತ್ತಾನೆ. ಚೆನ್ನಾಗಿ ಓಡಿದ ನಾಯಿಯನ್ನು ಹೆಸರು ಹಿಡಿದು ಹೊಗಳಬೇಕೆನ್ನುತ್ತಾನೆ. ನಮ್ಮ ನಾಡಿನ ಕಡೆಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಇಪ್ಪತ್ತು ವಿನೋದಗಳಲ್ಲಿ ‘ಸಾರಮೇಯ ವಿನೋದ’ವೂ ಒಂದು. ಅರಸನ ಮನರಂಜನೆಯ ಪಟ್ಟಿಯಲ್ಲಿ ಗೀತ, ನೃತ್ಯ, ಕಥೆಗಳ ಸಾಲಿನಲ್ಲೇ ನಾಯಿಗೂ ಜಾಗವಿತ್ತು.

ಅದಕ್ಕೂ ಸುಮಾರು ಎರಡು ಶತಮಾನ ಹಿಂದಿನ ಸಾಕ್ಷಿ ಕಲ್ಲಿನಲ್ಲಿದೆ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಅನುಚರ ಮಣಲೇರ ಆ ಯುದ್ಧದಲ್ಲಿ ಶೌರ್ಯ ಮೆರೆದಿದ್ದ. ಬೇಕಾದುದನ್ನು ಕೇಳೆಂದು ದೊರೆ ಹೇಳಿದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಪರಸ್ಪರ ಕಾದಾಡಿ ಸತ್ತವು. ಇಂದಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಆ ನಾಯಿಗಾಗಿ ಕಲ್ಲು ನೆಟ್ಟು, ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಕಾಳಿಯನ್ನು ಹೇಗೆ ಪಳಗಿಸಿದರೆಂದು ಕಲ್ಲು ಹೇಳುವುದಿಲ್ಲ. ಆದರೆ ಆ ಕಾಲದ ಯೋಧನೊಬ್ಬನಿಗೆ ನಾಯಿ ಏನಾಗಿತ್ತೆಂಬುದನ್ನು ಹೇಳಲು ಅದೊಂದು ಬೇಡಿಕೆ ಸಾಕು.

ಹಾಗಿದ್ದರೆ ಅಂಗಾತ ಕೆಡವಿ ಕೊರಳೊತ್ತುವ ವಿದ್ಯೆ ಎಲ್ಲಿಂದ ಬಂತು? ಅದರ ಒಂದು ಬೇರು ಸೇನೆ ಮತ್ತು ಪೊಲೀಸ್ ಠಾಣೆಗಳಲ್ಲಿದೆ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ನಾಯಿಗಳ ತರಬೇತಿಯ ಕೈಪಿಡಿಯೊಂದನ್ನು ಪ್ರಕಟಿಸಿದರು. ನ್ಯಾಯವಾಗಿ ಹೇಳುವುದಾದರೆ ಅದು ತನ್ನ ಕಾಲಕ್ಕಿಂತ ಮುಂದಿದ್ದ ಪುಸ್ತಕ. ನಾಯಿಗೆ ಮನುಷ್ಯರ ನೀತಿ-ಅನೀತಿಯ ಕಲ್ಪನೆಯಿಲ್ಲ, ಆದ್ದರಿಂದ ಬಹುಮಾನವಾಗಲಿ ಶಿಕ್ಷೆಯಾಗಲಿ ಆ ಕ್ಷಣದಲ್ಲೇ ಸಿಗಬೇಕು, ಗಂಟೆ ಕಳೆದ ಮೇಲೆ ಬೈದರೆ ಅದಕ್ಕೆ ಅರ್ಥವಾಗದು ಎಂಬುದನ್ನು ಅವರು ಸ್ಪಷ್ಟವಾಗಿ ಕಂಡಿದ್ದರು. ಆದರೆ ಅವರ ಪದ್ಧತಿಯಲ್ಲಿ ಬಲಪ್ರಯೋಗಕ್ಕೆ ದೊಡ್ಡ ಪಾಲಿತ್ತು. ಎರಡು ಮಹಾಯುದ್ಧಗಳ ಅನಂತರ ಸೇನಾ ತರಬೇತುದಾರರ ಆ ಶಿಸ್ತು ಮನೆಯಂಗಳಕ್ಕೂ ಕಾಲಿಟ್ಟಿತು. ಅಮೆರಿಕದ ಸೇನೆಗೆ ನಾಯಿಗಳನ್ನು ಸಿದ್ಧಪಡಿಸಿ, ಮುಂದೆ ಡಿಸ್ನಿ ಚಲನಚಿತ್ರಗಳ ನಾಯಿಗಳಿಗೂ ಕಲಿಸಿದ ವಿಲಿಯಂ ಕೋಹ್ಲರ್ 1962ರಲ್ಲಿ ತಂದ ಪುಸ್ತಕ ಚೋಕ್ ಚೈನನ್ನು ಮನೆಮಾತಾಗಿಸಿತು.

ಇನ್ನೊಂದು ಬೇರು, ನಾವು ಹುಡುಕುತ್ತಿದ್ದ ಆ ತಪ್ಪು ಟಿಪ್ಪಣಿ. ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ ಬಾಸೆಲ್ ಮೃಗಾಲಯದ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ 1947ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಿದ ಆ ತೋಳಗಳು ಮೇಲ್ಸ್ಥಾನಕ್ಕಾಗಿ ಸದಾ ಸೆಣಸುತ್ತಿದ್ದವು. ಗೆದ್ದುದು ಹಿಂಡಿಗೆ ಒಡೆಯನಾಗುತ್ತಿತ್ತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ತೋಳಗಳ ಕುರಿತ ಪ್ರಸಿದ್ಧ ಪುಸ್ತಕ ಈ ‘ಆಲ್ಫಾ’ ಕಲ್ಪನೆಯನ್ನು ಲೋಕಕ್ಕೆಲ್ಲ ಹಂಚಿತು. ನ್ಯೂಯಾರ್ಕ್ ರಾಜ್ಯದಲ್ಲಿ ಜರ್ಮನ್ ಶೆಫರ್ಡ್ ಸಾಕುತ್ತಿದ್ದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಜನಪ್ರಿಯ ಪುಸ್ತಕದಲ್ಲಿ ನಾಯಿಯನ್ನು ಅಂಗಾತ ಉರುಳಿಸಿ ಹಿಡಿಯುವ ಕ್ರಮವನ್ನು ಶಿಫಾರಸು ಮಾಡಿದರು. ಅಲ್ಲಿಂದ ದೂರದರ್ಶನಕ್ಕೆ, ಅಲ್ಲಿಂದ ನಮ್ಮ ದೆಹಲಿಯ ಎರಡನೆಯ ಮಹಡಿಗೆ ಆ ಟಿಪ್ಪಣಿ ಬಂದು ತಲುಪಿತು.

ಇಷ್ಟರಲ್ಲಿ ಮೂಲದಲ್ಲೇನಾಯಿತು? ಮೆಕ್ 1986ರಿಂದ ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಗಳನ್ನು ಕಾಡುತೋಳಗಳ ನಡುವೆ ಕಳೆದರು. ಅಲ್ಲಿ ಅವರಿಗೆ ಸಿಂಹಾಸನದ ಕಾದಾಟ ಕಾಣಲಿಲ್ಲ. ಕಂಡದ್ದು ಒಂದು ಸಂಸಾರ: ತಾಯಿ, ತಂದೆ, ಆ ವರ್ಷದ ಮರಿಗಳು, ಹಿಂದಿನ ಒಂದೆರಡು ವರ್ಷಗಳ ಮಕ್ಕಳು. ಹಿಂಡನ್ನು ನಡೆಸುವವರು ಹೆತ್ತವರು. ಬೆಳೆದ ಮಕ್ಕಳು ಹೊರಟುಹೋಗಿ ತಮ್ಮದೇ ಸಂಸಾರ ಹೂಡುತ್ತಾರೆ. ಮೃಗಾಲಯದ ಕಾದಾಟ ಸೆರೆಯ ಫಲ, ಸಹಜ ಸ್ವಭಾವವಲ್ಲ. ಮೆಕ್ 1999ರಲ್ಲಿ ಇದನ್ನು ಬಹಿರಂಗವಾಗಿ ಬರೆದು, ‘ಆಲ್ಫಾ’ ಎಂಬ ಪದವನ್ನು ಕೈಬಿಡಬೇಕೆಂದು ಕೇಳಿಕೊಂಡರು. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿರೆಂದು ಪ್ರಕಾಶಕರಿಗೆ ವರ್ಷಗಟ್ಟಲೆ ದುಂಬಾಲು ಬಿದ್ದರು. ಅದು ನಿಂತದ್ದು 2022ರಲ್ಲಿ. ನ್ಯೂ ಸ್ಕೀಟಿನ ಸನ್ಯಾಸಿಗಳೂ 2002ರ ಪರಿಷ್ಕೃತ ಆವೃತ್ತಿಯಲ್ಲಿ ತಮ್ಮ ಹಳೆಯ ಸಲಹೆಯಿಂದ ಹಿಂದೆ ಸರಿದರು. ಬರೆದವರೆಲ್ಲ ತಿದ್ದಿಕೊಂಡರು, ಕಡತ ಮಾತ್ರ ಓಡುತ್ತಲೇ ಇತ್ತು, ನಮ್ಮ ಮಗಳ ಮಣಿಕಟ್ಟಿನವರೆಗೆ.

ಮೇಲಾಗಿ, ತೋಳದ ವಿಷಯದಲ್ಲಿ ಶೆಂಕೆಲ್ ಸರಿಯೇ ಇದ್ದರೆಂದಿಟ್ಟುಕೊಂಡರೂ ನಾಯಿ ತೋಳವಲ್ಲ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಕಲ್ಲುಗಣಿಯಲ್ಲಿ 1914ರಲ್ಲಿ ಸುಮಾರು 14,000 ವರ್ಷ ಹಿಂದಿನ ಸಮಾಧಿಯೊಂದು ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಏಳು ತಿಂಗಳ ಒಂದು ನಾಯಿಮರಿ. ಹಲ್ಲುಗಳನ್ನು ಈಚೆಗೆ ಪರೀಕ್ಷಿಸಿದ ಸಂಶೋಧಕರು ಆ ಮರಿಗೆ ಡಿಸ್ಟೆಂಪರ್ ರೋಗ ತಗಲಿದ್ದಿರಬೇಕೆಂದೂ, ಯಾರೋ ಆರೈಕೆ ಮಾಡಿರದಿದ್ದರೆ ಅದು ವಾರಗಟ್ಟಲೆ ಬದುಕುಳಿಯುತ್ತಿರಲಿಲ್ಲವೆಂದೂ ತೀರ್ಮಾನಿಸಿದ್ದಾರೆ. ಬೇಟೆಗೂ ಕಾವಲಿಗೂ ಬಾರದ ಕಾಯಿಲೆಯ ಮರಿಯನ್ನು ಹಿಮಯುಗದ ಜನ ಸಾಕಿದ್ದರು.

ಭಯ ಕಲಿಕೆಗೆ ಏನು ಮಾಡುತ್ತದೆಂಬುದಕ್ಕೆ ರಷ್ಯಾದಲ್ಲಿ ಒಂದು ಸಾಕ್ಷಿ ದೊರೆಯಿತು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ಇವಾನ್ ಪಾವ್ಲೋವರ ನಾಯಿಗಳನ್ನು ಎಲ್ಲರೂ ಬಲ್ಲರು. ಊಟದ ಮುನ್ಸೂಚನೆಯಾಗಿ ಕೇಳಿಸಿದ ಸದ್ದಿಗೇ ಜೊಲ್ಲು ಸುರಿಸುತ್ತಿದ್ದ ನಾಯಿಗಳವು. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ಮಹಾಪ್ರವಾಹ ಬಂದು ಗೂಡುಗಳೊಳಗೆ ನೀರು ನುಗ್ಗಿತು. ಸಹಾಯಕರು ನಾಯಿಗಳನ್ನು ಕಷ್ಟಪಟ್ಟು ಉಳಿಸಿದರು. ಅನಂತರ ನೋಡಿದರೆ ಕೆಲವು ನಾಯಿಗಳು ತಿಂಗಳುಗಟ್ಟಲೆ ಕಲಿತದ್ದನ್ನು ಕಳೆದುಕೊಂಡಿದ್ದವು. ಚೇತರಿಸಿಕೊಂಡ ಒಂದು ನಾಯಿ, ಬಾಗಿಲ ಸಂದಿಯಿಂದ ಸ್ವಲ್ಪ ನೀರು ಹರಿಸಿದ ಕೂಡಲೇ ಮತ್ತೆ ಕುಸಿಯಿತು. ಇದನ್ನು ಓದಿದಾಗ ನಮಗೆ ನೆನಪಾದದ್ದು, ಕೈ ಎತ್ತಿದಾಗ ನೆಲ ಒದ್ದೆ ಮಾಡುತ್ತಿದ್ದ ಕರಿಯ.

ಬೇರೊಂದು ದಾರಿಯೂ ಅದೇ ಕಾಲದಲ್ಲಿ ತೆರೆದಿತ್ತು. ಫಲ ಹಿತವಾದರೆ ಆ ನಡತೆ ಮರುಕಳಿಸುತ್ತದೆಂದು ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ತೋರಿಸಿದ್ದರು. ಬಿ.ಎಫ್. ಸ್ಕಿನ್ನರ್ ಅದನ್ನು ಶಾಸ್ತ್ರವಾಗಿ ಬೆಳೆಸಿ, 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನದಲ್ಲಿ, ಟಿಕ್ ಟಿಕ್ ಎನ್ನುವ ಆಟಿಕೆಯೊಂದರ ಸದ್ದನ್ನು ಆಹಾರಕ್ಕೆ ಜೋಡಿಸಿ ಮನೆಯ ನಾಯಿಗೆ ಯಾರು ಬೇಕಾದರೂ ಕಲಿಸಬಹುದೆಂದು ವಿವರಿಸಿದರು. ಅವರ ಶಿಷ್ಯರಾದ ಕೆಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ ಹತ್ತಾರು ಬಗೆಯ ಪ್ರಾಣಿಗಳಿಗೆ ಕಲಿಸಿದ ಬಳಿಕ, 1961ರಲ್ಲಿ ಗುರುವಿನ ಶಾಸ್ತ್ರಕ್ಕೂ ಒಂದು ತಿದ್ದುಪಡಿ ಬರೆದರು: ಪ್ರತಿ ಜೀವಿಗೂ ತನ್ನ ಹುಟ್ಟುಗುಣವಿದೆ, ಬಹುಮಾನ ಅದನ್ನು ಅಳಿಸಲಾರದು. ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕ್ಯಾರೆನ್ ಪ್ರಯರ್ 1984ರ ತಮ್ಮ ಪುಸ್ತಕದ ಮೂಲಕ ಈ ವಿಧಾನವನ್ನು ನಾಯಿ ಸಾಕುವವರಿಗೆ ತಲುಪಿಸಿದರು. ಈಜಿ ದೂರ ಹೋಗಬಲ್ಲ ಡಾಲ್ಫಿನ್‌ಗೆ ಚೋಕ್ ಚೈನ್ ಹಾಕಲಾಗದು. ಅದು ತಾನಾಗಿ ಬರುವಂತೆ ಮಾಡುವುದೊಂದೇ ಉಪಾಯ.

ಇತಿಹಾಸದ ಇನ್ನೊಂದು ಪುಟ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆಯಿತು. ಇಂಥ ನಾಯಿಗೆ ಕಲಿಸುವ ಅತಿ ಕಠಿಣ ಪಾಠವೆಂದರೆ ಆಜ್ಞೆಯನ್ನು ಮೀರುವುದು. ಒಡೆಯ ‘ನಡೆ’ ಎಂದರೂ ಎದುರಿಗೆ ವಾಹನ ಬರುತ್ತಿದ್ದರೆ ಅದು ನಿಲ್ಲಬೇಕು. ಭಯದಿಂದ ಮಾತ್ರ ವಿಧೇಯವಾದ ನಾಯಿಗೆ ಇದು ಅಸಾಧ್ಯ. ಅದು ಒಡೆಯನ ಜೊತೆ ತಾನೂ ರಸ್ತೆಗಿಳಿಯುತ್ತದೆ.

ಮರಿಗಳ ವಿಷಯದಲ್ಲಿ ನಿರ್ಣಾಯಕ ಕೆಲಸ ನಡೆದದ್ದು ಅಮೆರಿಕದ ಬಾರ್ ಹಾರ್ಬರಿನಲ್ಲಿ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಯಾವುದನ್ನು ಹಿತವಾಗಿ ಕಾಣುತ್ತದೆಯೋ ಅದು ಅದರ ಲೋಕವಾಗುತ್ತದೆ. 1961ರ ಒಂದು ಪ್ರಯೋಗದಲ್ಲಿ ಹದಿನಾಲ್ಕು ವಾರ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿಗಳು ಮುಂದೆಯೂ ಮನುಷ್ಯರನ್ನು ಕಂಡರೆ ಬೆದರುತ್ತಲೇ ಉಳಿದವು. ಹತ್ತು ವಾರಕ್ಕೆ ನಮ್ಮ ಮನೆ ಸೇರಿದ ಕರಿಯನಿಗೆ ಉಳಿದಿದ್ದ ಕಿರಿದಾದ ಅವಧಿಯನ್ನು ನಾವು, ಪೂರ್ತಿ ಲಸಿಕೆಯಾಗಲೆಂದು ಮನೆಯೊಳಗೇ ಕೂಡಿಹಾಕಿ ಕಳೆದಿದ್ದೆವು. ಎತ್ತಿಕೊಂಡು ಹೋಗಿ ತರಕಾರಿ ಗಾಡಿ, ಮಕ್ಕಳು, ಹೆಲ್ಮೆಟ್ ಧರಿಸಿದ ಅಂಚೆಯವರು, ಇವರನ್ನೆಲ್ಲ ದೂರದಿಂದಲೇ ತೋರಿಸಬಹುದಿತ್ತೆಂದು ತಿಳಿದದ್ದು ತಡವಾಗಿ.

ಇಷ್ಟನ್ನೆಲ್ಲ ಓದಿ ನಾವು ಮಾಡಿದ್ದೇನು? ಮೊದಲು ಚೋಕ್ ಚೈನ್ ಕಸದ ಬುಟ್ಟಿ ಸೇರಿತು. ಎದೆಗೆ ಹಾಕುವ ಬೆಲ್ಟ್ ಬಂತು. ಹಗ್ಗ ಬಿಗಿಯಾದರೆ ನಿಂತೆವು, ಸಡಿಲವಾದರೆ ನಡೆದೆವು. ಮೊದಲ ವಾರ ಗೇಟು ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಗುರುಗುಟ್ಟುವುದನ್ನು ಶಿಕ್ಷಿಸುವುದನ್ನು ನಿಲ್ಲಿಸಿದೆವು, ಏಕೆಂದರೆ ಅದು ನಾಯಿ ನಮಗೆ ಕೊಡುವ ಪೂರ್ವಸೂಚನೆ. ಅದನ್ನು ಅಡಗಿಸಿದರೆ ಉಳಿಯುವುದು ಹಲ್ಲು. ಊಟದ ತಟ್ಟೆಯಿಂದ ಆರು ಹೆಜ್ಜೆ ದೂರದಲ್ಲಿ ದೊಡ್ಡವರೇ ನಿಂತು, ಬೇಯಿಸಿದ ಕೋಳಿಯ ಒಂದು ಚೂರನ್ನು ಎಸೆದು ಹಿಂದೆ ಸರಿಯುತ್ತಿದ್ದೆವು. ಅದರ ಮೈ ಸಡಿಲವಾಗಿದೆ, ಬಾಲ ಹಗುರವಾಗಿ ಆಡುತ್ತಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಒಂದು ಹೆಜ್ಜೆ ಹತ್ತಿರ. ಹೀಗೆ ಮನುಷ್ಯರು ಬಳಿ ಬಂದರೆ ತಟ್ಟೆ ಹೋಗುವುದಿಲ್ಲ, ತಟ್ಟೆಗೆ ಇನ್ನೂ ಬರುತ್ತದೆ ಎಂಬುದು ಅದಕ್ಕೆ ಮನದಟ್ಟಾಗುತ್ತ ಹೋಯಿತು.

ಚಪ್ಪಲಿ ಕಡಿದ ಮೇಲೆ ‘ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು, ಮುಖ ನೋಡಿ’ ಎನ್ನುತ್ತಿದ್ದೆವು. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ನಡೆಸಿದ ಪ್ರಯೋಗದಲ್ಲಿ, ಆ ‘ತಪ್ಪಿತಸ್ಥ ಮುಖ’ ಬರುವುದು ಯಜಮಾನರು ಗದರಿದಾಗ, ನಾಯಿ ತಪ್ಪು ಮಾಡಿರಲಿ ಬಿಡಲಿ, ಎಂದು ತಿಳಿದುಬಂತು. ಈಗ ಚಪ್ಪಲಿಗಳು ಕಪಾಟಿನಲ್ಲಿವೆ. ಕಡಿಯಲು ಅದಕ್ಕೆ ಅದರದೇ ವಸ್ತುಗಳಿವೆ.

ಭಾಷೆಯ ಪ್ರಶ್ನೆಯೂ ಬಂತು. ನಾವು ಕನ್ನಡದಲ್ಲಿ ‘ಬಾ’ ಎಂದರೆ, ಕೆಲಸದಾಕೆ ಹಿಂದಿಯಲ್ಲಿ, ಮಗಳು ಇಂಗ್ಲಿಷಿನಲ್ಲಿ ಕರೆಯುತ್ತಿದ್ದರು. ಒಂದು ಕೆಲಸಕ್ಕೆ ಒಂದೇ ಪದವೆಂದು ಗೊತ್ತುಮಾಡಿ, ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದೆವು: ಬಾ, ಕೂರು, ಬಿಡು, ಇರು. ಕ್ಸೆನೊಫೋನನ ಸಲಹೆಯಂತೆ ಎಲ್ಲವೂ ಚಿಕ್ಕವು. ಇಡೀ ಕಾಲೊನಿಯಲ್ಲಿ ಕನ್ನಡ ಬಲ್ಲ ನಾಯಿ ಬಹುಶಃ ಇದೊಂದೇ. ಈಗ ನೆರೆಯ ಪಂಜಾಬಿ ಮಕ್ಕಳೂ ಅದಕ್ಕೆ ‘ಬಿಡು’ ಎನ್ನುತ್ತಾರೆ.

ಒಂದು ತಿಂಗಳ ಗಡುವು ಮುಗಿದ ದಿನ ಯಾರೂ ಆ ಮಾತೆತ್ತಲಿಲ್ಲ. ಕೈ ಎತ್ತಿದರೆ ಮುದುಡುವುದು ನಿಲ್ಲಲು ಏಳು ತಿಂಗಳು ಬೇಕಾಯಿತು. ಕೆಲವು ಗಾಯಗಳು ಮಾಯ್ದಿಲ್ಲ: ದೀಪಾವಳಿಯ ರಾತ್ರಿ ಇಂದಿಗೂ ಅದು ಸ್ನಾನದ ಮನೆಯ ಮೂಲೆ ಸೇರುತ್ತದೆ, ನಮ್ಮಲ್ಲೊಬ್ಬರು ಪಕ್ಕದಲ್ಲಿ ಕೂರುತ್ತೇವೆ, ಚೈನಿನ ಸದ್ದು ಕೇಳಿದರೆ, ಅದು ನೆರೆಮನೆಯ ಸೈಕಲ್ಲಿನದಾಗಿದ್ದರೂ, ಕಿವಿ ಹಿಂದಕ್ಕೆ ಹೋಗುತ್ತವೆ. ಮಗಳು ಬಳಿ ಹೋಗುವ ಮೊದಲು ಇಂದಿಗೂ ಹೆಸರು ಹಿಡಿದು ಕರೆದು, ಅದು ತಿರುಗಿ ನೋಡುವವರೆಗೆ ಕಾಯುತ್ತಾಳೆ. ನಾವು ಹೇಳಿಕೊಟ್ಟದ್ದಲ್ಲ, ಅವಳೇ ರೂಢಿಸಿಕೊಂಡದ್ದು.

ಕಳೆದ ಬೇಸಿಗೆಯಲ್ಲಿ ರಜೆಯ ಮೇಲೆ ಊರಿಗೆ ಹೋದಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲನ್ನು ಎಲ್ಲರೂ ನೋಡಿಬಂದೆವು. ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಎದುರಾಗಿರುವ ಕೆತ್ತನೆ, ಸುತ್ತ ಹಳಗನ್ನಡದ ಸಾಲುಗಳು. ಮಗಳು ಅಕ್ಷರ ಕೂಡಿಸಿ ಓದಲು ಯತ್ನಿಸಿ ಸೋತು, ಇದರಲ್ಲಿ ನಾಯಿಯ ಹೆಸರು ಎಲ್ಲಿದೆ ಎಂದು ಕೇಳಿದಳು. ನಮಗೂ ಗುರುತಿಸಲಾಗಲಿಲ್ಲ. ಪಕ್ಕದಲ್ಲಿದ್ದ ಅಮ್ಮ, “ಇರಲಿ ಬಿಡು, ಸಾವಿರ ವರ್ಷ ಆದ್ಮೇಲೂ ಕಾಳಿ ಅಂತ ನಿಂಗೆ ಗೊತ್ತಲ್ಲ” ಎಂದರು. ಆ ಸಂಜೆ ದೆಹಲಿಗೆ ಫೋನ್ ಮಾಡಿ, ಕರಿಯನನ್ನು ನೋಡಿಕೊಳ್ಳುತ್ತಿದ್ದ ನೆರೆಯವರನ್ನು ವಿಚಾರಿಸಿದೆವು. ಊಟದ ಹೊತ್ತಿಗೆ ಹತ್ತಿರ ಹೋದಾಗ ಒಮ್ಮೆ ಗುರುಗುಟ್ಟಿತೆಂದು ಅವರು ಸಂಕೋಚದಿಂದ ಹೇಳಿದರು. ಒಳ್ಳೆಯದಾಯಿತು ಎಂದೆವು, ಮತ್ತು ಎರಡು ಹೆಜ್ಜೆ ಹಿಂದೆ ನಿಂತು ಕೋಳಿಯ ಚೂರು ಹಾಕಲು ಹೇಳಿದೆವು.